ನಡುಕಟ್ಟು

ಈಚೆಗೆ ಮೊಮ್ಮಗಳ ಹೆರಿಗೆಯ ನಿಮಿತ್ತವಾಗಿ ಬೆಂಗಳೂರಿನಲ್ಲಿ ಕೆಲವು ದಿನ ಇರಬೇಕಾಗಿ ಬಂದಿತು. ಹೆರಿಗೆಯಾದ ಮರುದಿನ ಅವಳು ಹಾಸಿಗೆಯಲ್ಲಿ ಮಗ್ಗುಲು ಬದಲಿಸಹೋಗಿ ಮುಖ ಕಿವಿಚಿದುದನ್ನು ಕಂಡ ದಾದಿ ಹೋಗಿ ಯಾರಿಗೋ ತಿಳಿಸಿರಬೇಕು. ಸ್ವಲ್ಪ ಹೊತ್ತಿನಲ್ಲಿಯೇ ಫಿಸಿಯೋಥೆರಪಿ ಕಲಿತ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಬಂದು, ನೋವು ಮುಂದೆಯೇ ಹಿಂದೆಯೇ, ಒಂಟಿಕಾಲಿನ ಮೇಲೆ ನಿಂತಾಗ ಹೆಚ್ಚುವುದೇ ಎಂದೆಲ್ಲ ವಿಚಾರಿಸಿ, ಮೊಣಕಾಲೆರಡನ್ನೂ ಜೋಡಿಸಿ ನಡುವೆ ದಿಂಬಿಟ್ಟುಕೊಂಡು ಮೈಯನ್ನು ಇಡಿಯಾಗಿ ಹೊರಳಿಸುವ ಬಗೆಯನ್ನು ಕಲಿಸಿ, ಕೈಯಗಲದ ಬೆಲ್ಟೊಂದನ್ನು ಹೊಟ್ಟೆಯ ಮೇಲಲ್ಲದೆ ಅದಕ್ಕೂ ಬಹಳ ಕೆಳಗೆ, ತೊಡೆಯ ಮೂಳೆ ಪಕ್ಕದಲ್ಲಿ ಉಬ್ಬಿ ಕೈಗೆ ಸಿಗುವ ಸ್ಥಳಕ್ಕಿಂತ ತುಸುವೇ ಮೇಲೆ ಬಿಗಿದು, "ನೋವಿದ್ದರೆ ಹೇಳಿ, ಸಹಿಸಿಕೊಂಡು ಸುಮ್ಮನಿರಬೇಡಿ" ಎಂದು ಹೇಳಿ ಹೊರಟುಹೋದಳು. ಮೂಲೆಯ ಕುರ್ಚಿಯಲ್ಲಿ ಕುಳಿತು ಇದನ್ನು ನೋಡುತ್ತಲಿದ್ದ ನನಗೆ, ನನ್ನ ಆಯುಷ್ಯದ ಅರ್ಧಕ್ಕೂ ಮಿಕ್ಕ ಭಾಗವನ್ನು ಆಕ್ರಮಿಸಿಕೊಂಡ ವ್ಯಥೆಯೊಂದು ಏನೆಂದು ಯಾರೂ ಹೇಳಲಾರದೆ ಕಳೆದುಹೋದ ವರ್ಷಗಳ ನೆನಪು ಒಟ್ಟಿಗೇ ಒತ್ತರಿಸಿಕೊಂಡು ಬಂದಿತು. ಅದರ ಹಿಂದೆಯೇ, ಅದಕ್ಕಿಂತಲೂ ಹಳೆಯದಾದ ನನ್ನ ಸೋದರತ್ತೆಯ ನೆನಪೂ ಬಂದಿತು.

ಆಕೆ ನನ್ನ ತಂದೆಯ ಅಕ್ಕ. ಮಲೆನಾಡಿನ ನಮ್ಮ ಹಳ್ಳಿಮನೆಗೆ ಚೊಚ್ಚಲ ಹೆರಿಗೆಗೆಂದು ಬಂದ ಆಕೆಯ ಕೂಸು ತಿಂಗಳೊಪ್ಪತ್ತಿನಲ್ಲಿ ತೀರಿಕೊಂಡಿತಂತೆ. ಗಂಡನ ಮನೆಗೆ ಹಿಂದಿರುಗಿದ ಮೇಲೆ, ಬಾವಿಯಿಂದ ನೀರು ಸೇದಲಾರಳು, ಒರಳಿನ ಮುಂದೆ ಕೂರಲಾರಳು, ಅಟ್ಟದ ಏಣಿ ಹತ್ತಲಾರಳು ಎಂಬ ದೂರು ಬೆಳೆದು, ಕಡೆಗೊಂದು ದಿನ ಅವರೇ ಗಾಡಿ ಕಟ್ಟಿಸಿ ಕರೆತಂದು ತವರಿನ ಜಗುಲಿಯಲ್ಲಿ ಇಳಿಸಿ ಹೋದರು. ಇದೆಲ್ಲ ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ನನಗೆ ತಿಳಿವಳಿಕೆ ಬಂದ 1950ರ ದಶಕದಲ್ಲಿ ಆಕೆಗೆ ನಲವತ್ತರ ಸಮೀಪ. ನಡೆಯುವಾಗ ಮೈಯೆಲ್ಲ ಎಡಕ್ಕೂ ಬಲಕ್ಕೂ ಒಲೆಯುತ್ತಿತ್ತು. ಹಿಂಬಾಗಿಲಿನ ಕಲ್ಲು ಮೆಟ್ಟಿಲುಗಳನ್ನು ಗೋಡೆಗೆ ಮುಖವಿಟ್ಟು ಪಕ್ಕಕ್ಕೆ ಸರಿಯುತ್ತ, ಒಂದೊಂದರ ಮೇಲೂ ಎರಡು ಪಾದಗಳನ್ನೂ ಕೂಡಿಸಿಕೊಂಡು ಇಳಿಯುತ್ತಿದ್ದಳು. ಈಳಿಗೆಮಣೆಯ ಮುಂದೆ ಹೆಂಗಸರು ಒಂದು ಕಾಲನ್ನು ಮಡಚಿ ಇನ್ನೊಂದು ಮೊಣಕಾಲನ್ನು ಮೇಲೆತ್ತಿ ಮಣೆಯನ್ನು ಮೆಟ್ಟಿ ಕೂರುವುದು ವಾಡಿಕೆಯಷ್ಟೆ. ಆಕೆ ಹಾಗೆ ಕುಳಿತುದನ್ನು ನಾನು ಕಂಡುದೇ ಇಲ್ಲ. ಗೋಡೆಗೆ ಒರಗಿ ಕಾಲುಗಳನ್ನು ನೀಡಿಕೊಂಡು ಹೂ ಕಟ್ಟುವುದು, ಅವರೆಕಾಳು ಸುಲಿಯುವುದು, ಬತ್ತಿ ಹೊಸೆಯುವುದು, ಇವೇ ಆಕೆಯ ಪಾಲಿನ ಕೆಲಸಗಳು. ಮನೆಯ ಉಳಿದ ಹೆಂಗಸರು ಹೊತ್ತು ಮೂಡುವುದಕ್ಕೆ ಮೊದಲೇ ಎದ್ದು ಬೆನ್ನು ಮುರಿಯುವಂತೆ ದುಡಿಯುತ್ತಿರುವಾಗ, ಹೊರಗಣ್ಣಿಗೆ ಕೈಕಾಲು ನೆಟ್ಟಗಿರುವ ಒಬ್ಬಾಕೆ ಹೀಗೆ ಕುಳಿತಿರುವುದನ್ನು ಕಂಡು ಅವರಿಗೆ ಏನನ್ನಿಸುತ್ತಿತ್ತೆಂಬುದು ಅಡುಗೆಮನೆಯಿಂದ ತೂರಿಬರುವ ಮಾತುಗಳಿಂದಲೇ ತಿಳಿಯುತ್ತಿತ್ತು. "ಅವಳಿಗೇನು, ಮಹಾರಾಣಿ" ಎನ್ನುವರು. ಆಕೆ ಕೇಳಿಸಿಕೊಂಡೂ ಕೇಳದಂತೆ ನಮಗೆ ಕಥೆ ಹೇಳುವುದನ್ನು ಮುಂದುವರಿಸುತ್ತಿದ್ದಳು. ಮಕ್ಕಳಾದ ನಮಗೆ, ಸದಾ ಕುಳಿತೇ ಇರುವ, ಯಾವಾಗ ಹೋದರೂ ಮಡಿಲಲ್ಲಿ ಸ್ಥಳವಿರುವ ಅತ್ತೆ ದೊರೆತುದು ಭಾಗ್ಯವೇ ಆಗಿತ್ತು. ಆ ಭಾಗ್ಯಕ್ಕೆ ಆಕೆ ಏನನ್ನು ತೆತ್ತಿದ್ದಳೆಂಬುದನ್ನು ತಿಳಿಯುವ ವಯಸ್ಸು ಅದಲ್ಲ.

ಒಂದು ಸಂಗತಿ ಮಾತ್ರ ನನಗೆ ಬಹು ಸ್ಪಷ್ಟವಾಗಿ ನೆನಪಿದೆ. ಬೆಳಗ್ಗೆ ಏಳುವ ಹೊತ್ತಿಗೆ ಆಕೆ ನನ್ನನ್ನು ಕೋಣೆಯೊಳಕ್ಕೆ ಕರೆದು ಬಾಗಿಲು ಮುಚ್ಚಿಸುತ್ತಿದ್ದಳು. ಹಳೆಯ ಹತ್ತಿಸೀರೆಯೊಂದನ್ನು ಉದ್ದಕ್ಕೆ ಸೀಳಿ ನಾಲ್ಕು ಮಡಿಕೆ ಮಾಡಿದ ಪಟ್ಟಿಯೊಂದು ಆಕೆಯ ದಿಂಬಿನ ಕೆಳಗೆ ಇರುತ್ತಿತ್ತು. ಮಲಗಿದಂತೆಯೇ ಅದನ್ನು ನಡುವಿನ ಅಡಿಗೆ ತೂರಿಸಿ, ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟು, "ಎಳಿ ಮಗೂ... ಅಲ್ಲಲ್ಲ, ಇನ್ನೂ ಕೆಳಗೆ... ಹಾಂ, ಈಗ ಬಿಗಿ" ಎನ್ನುತ್ತಿದ್ದಳು. ನಾನು ಮಂಚದ ಪಟ್ಟಿಗೆ ಪಾದವನ್ನು ಒತ್ತಿಕೊಟ್ಟು ಇದ್ದ ಬಲವನ್ನೆಲ್ಲ ಹಾಕಿ ಎಳೆಯುತ್ತಿದ್ದೆ. ಗಂಟು ಬಿದ್ದ ಮೇಲೆ ಆಕೆ ಒಂದು ದೀರ್ಘವಾದ ಉಸಿರನ್ನು ಬಿಟ್ಟು, ಒಂದು ಮಗ್ಗುಲಾಗಿ, ಎರಡು ಕಾಲುಗಳನ್ನೂ ಕೂಡಿಸಿಯೇ ಮಂಚದಿಂದ ಇಳಿಸಿ, ನನ್ನ ಹೆಗಲನ್ನು ಹಿಡಿದು ಏಳುವಳು. ಸೀರೆಯುಟ್ಟ ಮೇಲೆ ಆ ಕಟ್ಟು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬಾಣಂತಿಗೆ ನಡುಕಟ್ಟು ಕಟ್ಟುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕೇರಿಯ ಸೂಲಗಿತ್ತಿ ಎಣ್ಣೆನೀರು ಎರೆದಾದ ಮೇಲೆ ಹಳೆಯ ಸೀರೆಯನ್ನು ಹೊಟ್ಟೆಯ ಸುತ್ತ ಬಿಗಿಯುತ್ತಿದ್ದುದು ಹೊಟ್ಟೆ ಜೋತುಬೀಳದಿರಲಿ ಎಂಬ ಉದ್ದೇಶದಿಂದ. ನಮ್ಮತ್ತೆ ಅದೇ ಕಟ್ಟನ್ನು ಒಂದು ಗೇಣು ಕೆಳಕ್ಕೆ ಇಳಿಸಿಕೊಂಡಿದ್ದಳು. ಆ ಒಂದು ಗೇಣಿನ ಅಂತರವನ್ನು ಆಕೆಗೆ ಯಾರೂ ಕಲಿಸಿದುದಲ್ಲ. ನೋವಿನ ಜೊತೆಗೆ ವರ್ಷಾನುಗಟ್ಟಲೆ ಬಾಳಿ ತಾನಾಗಿಯೇ ಕಂಡುಕೊಂಡುದು. ಬಾಣಂತನದ ವಿಷಯವಾಗಿ ಹೇಳುವುದಾದರೆ, ಹಂಡೆ ಹಂಡೆ ಬಿಸಿನೀರನ್ನೂ ಸೂಲಗಿತ್ತಿಯ ಬಲವಾದ ಕೈಗಳನ್ನೂ ಅಜ್ಜಿಯ ಮೆಣಸಿನ ಸಾರನ್ನೂ ನಾನು ಪ್ರೀತಿಯಿಂದಲೇ ನೆನೆಯುತ್ತೇನೆ. ಹೆತ್ತ ದೇಹಕ್ಕೆ ವಿಶ್ರಾಂತಿ ಬೇಕೆಂದು ಬಲ್ಲ ಸಮಾಜ ಅದು. ಆದರೆ ಕುಡಿಯುವ ನೀರನ್ನೂ ಅಳೆದು ಕೊಟ್ಟು, ನಲವತ್ತು ದಿನ ನೆಲಕ್ಕೆ ಕಾಲೂರದಂತೆ ಕಾಪಾಡಿ, ನಲವತ್ತೊಂದನೆಯ ದಿನ ಅದೇ ದೇಹವನ್ನು ಒರಳಿನ ಮುಂದೆ ಕೂರಿಸಿ, ತುಂಬಿದ ಕೊಡವನ್ನು ಒಂದೇ ಸೊಂಟದ ಮೇಲೆ ಏರಿಸುತ್ತಿದ್ದುದರಲ್ಲಿ ವಿವೇಕವಿತ್ತೆಂದು ನನಗೆ ಈಗ ತೋರುವುದಿಲ್ಲ.

ಆಕೆಯ ನೋವಿಗೆ ಮನೆಯಲ್ಲಿ ವಾಯುವೆಂದು ಹೆಸರಾಗಿತ್ತು. ಅದು ಏನಾಗಿದ್ದೀತೆಂಬುದನ್ನು ನಾನು ಓದಿ, ಕೇಳಿ, ಅನುಭವಿಸಿ ತಿಳಿದುಕೊಳ್ಳುವ ಹೊತ್ತಿಗೆ ಆಕೆ ಇರಲಿಲ್ಲ. ನಮ್ಮ ಶ್ರೋಣಿಭಾಗವೆಂಬುದು ಎಲುಬುಗಳಿಂದಾದ ಒಂದು ಬಳೆ. ಬೆನ್ನೆಲುಬಿನ ಬುಡದಲ್ಲಿ ತ್ರಿಕಾಸ್ಥಿ. ಅದರ ಎರಡು ಪಕ್ಕಗಳಲ್ಲಿ ಅಗಲವಾದ ಎರಡು ಮೂಳೆಗಳು. ಇವು ಹಿಂದುಗಡೆ ತ್ರಿಕಾಸ್ಥಿಯೊಡನೆ ಎರಡು ಕೀಲುಗಳಲ್ಲಿಯೂ ಮುಂದುಗಡೆ ಒಂದರೊಡನೊಂದು ಮೃದ್ವಸ್ಥಿಯ ಒಂದು ಬೆಸುಗೆಯಲ್ಲಿಯೂ ಕೂಡಿಕೊಳ್ಳುತ್ತವೆ. ಮುಂದಿನ ಈ ಬೆಸುಗೆಯ ಅಗಲ ಸಾಮಾನ್ಯವಾಗಿ 4 ರಿಂದ 5 ಮಿಲಿಮೀಟರ್. ಗರ್ಭಿಣಿಯಲ್ಲಿ ಅದು ಇನ್ನೆರಡು ಮೂರು ಮಿಲಿಮೀಟರ್ ಹಿಗ್ಗುವುದು ಸಹಜವೇ. 10 ಮಿಲಿಮೀಟರನ್ನು ಮೀರಿದರೆ ಅದನ್ನು ವೈದ್ಯರು ಬಿರುಕೆಂದು ಎಣಿಸುತ್ತಾರೆ. ಗರ್ಭಕಾಲದಲ್ಲಿ ಅಸ್ಥಿಬಂಧಗಳನ್ನು ಸಡಿಲಿಸುವ ರಿಲ್ಯಾಕ್ಸಿನ್ ಎಂಬ ರಸವನ್ನು ಅಮೆರಿಕದ ಫ್ರೆಡರಿಕ್ ಹಿಸಾ ಎಂಬಾತ 1926ರಲ್ಲಿಯೇ ಗಿನಿ ಹಂದಿಗಳಲ್ಲಿ ಪತ್ತೆ ಮಾಡಿದ್ದ. ಆದರೆ ಅದು ಹೆಚ್ಚಿದ್ದವರಿಗೆಲ್ಲ ನೋವು ಹೆಚ್ಚೆಂಬ ಸರಳವಾದ ಲೆಕ್ಕ ಮುಂದಿನ ಸಂಶೋಧನೆಗಳಲ್ಲಿ ನಿಲ್ಲಲಿಲ್ಲ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಎತ್ತಿನಗಾಡಿಯ ಗಾಲಿಗೆ ಏರಿಸಿ ನೀರೆರೆದು ಬಿಗಿಗೊಳಿಸುತ್ತಿದ್ದುದನ್ನು ಕಂಡವರಿಗೆ ಈ ಬಳೆಯ ಸ್ವರೂಪ ಬೇಗ ಮನಸ್ಸಿಗೆ ಬಂದೀತು: ಮರದ ತುಂಡುಗಳು ಎಷ್ಟು ಚೆನ್ನಾಗಿ ಕೂಡಿಕೊಂಡಿದ್ದರೂ ಪಟ್ಟಿ ಸಡಿಲವಾದ ಗಾಲಿ ಭಾರವನ್ನು ಹೊರಲಾರದು. ದೇಹದಲ್ಲಿ ಆ ಪಟ್ಟಿಯ ಕೆಲಸವನ್ನು ಅಸ್ಥಿಬಂಧಗಳೂ, ಅವುಗಳೊಡನೆ ಹೊಟ್ಟೆ, ಬೆನ್ನು, ಪೃಷ್ಠ, ಶ್ರೋಣಿಯ ತಳ ಇವುಗಳ ಸ್ನಾಯುಗಳೂ ಮಾಡುತ್ತವೆ. ಮೂಳೆಗಳ ಆಕಾರದಿಂದ ದೊರೆಯುವ ಭದ್ರತೆ, ಸ್ನಾಯುಗಳ ಒತ್ತಡದಿಂದ ದೊರೆಯುವ ಭದ್ರತೆ ಎಂದು ಇವೆರಡನ್ನು ಬೇರ್ಪಡಿಸಿ ನೆದರ್ಲೆಂಡಿನ ರಾಟರ್‌ಡ್ಯಾಮಿನ ವ್ಲೀಮಿಂಗ್, ಸ್ನೈಡರ್ಸ್ ಮೊದಲಾದವರು ವಿವರಿಸಿದುದು 1990ರಲ್ಲಿ. ಅಂದರೆ, ನನ್ನ ಸರದಿ ಬಂದಾಗ ಇದನ್ನೆಲ್ಲ ಹೇಳಬಲ್ಲವರು ಇರಲಿಲ್ಲ.

ನನ್ನ ಸರದಿ ಬಂದುದು 1976ರಲ್ಲಿ, ಎರಡನೆಯ ಮಗುವಿನ ಹೆರಿಗೆಯಲ್ಲಿ. ಆಗ ನಾನು ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿದ್ದೆ. ಏಳನೆಯ ತಿಂಗಳಿನಲ್ಲಿಯೇ ಮುಂಭಾಗದಲ್ಲಿ ಚುಚ್ಚಿದಂತಾಗತೊಡಗಿದ ನೋವು ಹೆರಿಗೆಯಾದ ಮೇಲೆ ಹಿಂದಕ್ಕೂ ಹಬ್ಬಿ, ಬಲಗಡೆ ಸೊಂಟದ ಕೆಳಗಿನ ಕುಳಿಯಲ್ಲಿ ನೆಲೆಸಿತು. ಬೆರಳಿಟ್ಟು ಇಲ್ಲಿಯೇ ಎಂದು ತೋರಿಸಬಹುದಾದ ನೋವು. ನಿಂತು ಲಂಗವನ್ನು ಕಾಲಿಗೇರಿಸಿಕೊಳ್ಳುವುದು, ಬಸ್ಸಿನ ಎತ್ತರದ ಮೆಟ್ಟಿಲಿಗೆ ಒಂದು ಕಾಲಿಡುವುದು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದು, ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಏಳುವುದು, ಇಂತಹ ನಿತ್ಯದ ಸಣ್ಣಪುಟ್ಟ ಕೆಲಸಗಳೆಲ್ಲ ಒಂದೊಂದೂ ಮೊದಲೇ ಯೋಚಿಸಿ ಧೈರ್ಯ ತಂದುಕೊಂಡು ಮಾಡಬೇಕಾದ ಕಾರ್ಯಗಳಾದುವು. ರಾತ್ರಿ ಮಗ್ಗುಲು ಹೊರಳಬೇಕೆನಿಸಿದಾಗ, ಮಂಚದ ಕಂಬಿಯನ್ನು ಹಿಡಿದು, ಹಲ್ಲು ಕಚ್ಚಿ, ನನ್ನ ಯಜಮಾನರನ್ನು ಎಬ್ಬಿಸಬೇಕಾಗುತ್ತಿತ್ತು. ಅವರು ಒಂದು ದಿನವೂ ಬೇಸರಿಸಿದವರಲ್ಲ. ದಾಂಪತ್ಯದ ಸಾಮೀಪ್ಯವೇ ನೋವಿನ ಕಾರಣವಾಗಿ ಪರಿಣಮಿಸಿದುದನ್ನು ನಾವಿಬ್ಬರೂ ಯಾರಿಗೂ ಹೇಳದೆ ಬಹುಕಾಲ ಹೊತ್ತೆವು. ಕೇಳಬೇಕಾಗಿದ್ದ ವೈದ್ಯರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಅತ್ತೆಯವರು, ಎಂದರೆ ನನ್ನ ಯಜಮಾನರ ತಾಯಿ, "ನಾವೂ ಹೆತ್ತವರೇ ಅಲ್ಲವೇನಮ್ಮ, ನಾವು ಹೀಗೆ ಮಲಗಲಿಲ್ಲ" ಎನ್ನುತ್ತಿದ್ದರು. ಆರು ಮಕ್ಕಳನ್ನು ಹೆತ್ತು, ಮೂರನೆಯ ದಿನವೇ ಒಲೆಯ ಮುಂದೆ ನಿಂತ ಆಕೆಯ ಬಾಯಲ್ಲಿ ಆ ಮಾತು ಬಂದುದಕ್ಕೆ ಕ್ರೌರ್ಯ ಕಾರಣವಲ್ಲವೆಂದು ಈಗ ಅರಿಯಬಲ್ಲೆ. ತನ್ನ ನೋವಿಗೆ ಎಂದೂ ಕಿವಿಗೊಡದ ಲೋಕದಲ್ಲಿ ಬೆಳೆದವರಿಗೆ ಇನ್ನೊಬ್ಬರ ನೋವನ್ನು ಆಲಿಸುವ ಅಭ್ಯಾಸ ಎಲ್ಲಿಂದ ಬರಬೇಕು? ಆದರೂ ಆ ಮಾತು ನನ್ನನ್ನು ನೋಯಿಸಿತೆಂಬುದನ್ನು ಮರೆಮಾಡುವುದಿಲ್ಲ.

ಚಿಕಿತ್ಸೆಯನ್ನು ಅರಸಿ ಹೊರಟ ಆ ಅವಧಿಯಲ್ಲಿ ನಾನು ಕಂಡ ವೈದ್ಯರೆಲ್ಲ ಮೊದಲು ಮಾಡಿದುದು ಬೆನ್ನೆಲುಬಿನ ಎಕ್ಸ್‌ರೇ ತೆಗೆಸಿದುದು. ಚಿತ್ರ ನಿರ್ದುಷ್ಟವಾಗಿತ್ತು. ಆ ಹಾಳೆಯನ್ನು ದೀಪದ ಮುಂದೆ ಹಿಡಿದು, "ಏನೂ ಇಲ್ಲವಲ್ಲ ತಾಯಿ" ಎಂದು ಹೇಳುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಸಮಾಧಾನವನ್ನು ಕಂಡು ನನ್ನ ಎದೆ ಕುಸಿಯುತ್ತಿತ್ತು. ಇದಕ್ಕೆ ಆ ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. ಆ ಕಾಲದ ವೈದ್ಯಶಾಸ್ತ್ರವೇ ಹಾಗಿತ್ತು. 1905ರಲ್ಲಿ ಅಮೆರಿಕದ ಗೋಲ್ಡ್‌ತ್‌ವೇಟ್ ಮತ್ತು ಆಸ್ಗುಡ್ ಎಂಬ ವೈದ್ಯರು ಸೊಂಟನೋವಿಗೆ ತ್ರಿಕಾಸ್ಥಿಯ ಕೀಲುಗಳು ಕಾರಣವಾಗಬಹುದೆಂದು ಬರೆದ ಮೇಲೆ ಕೆಲವು ದಶಕಗಳ ಕಾಲ ಎಲ್ಲರ ದೃಷ್ಟಿಯೂ ಅಲ್ಲಿಯೇ ನೆಟ್ಟಿತ್ತು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಅವರು ಬೆನ್ನೆಲುಬಿನ ಮಣಿಗಳ ನಡುವಣ ಡಿಸ್ಕು ಹೊರಚಾಚಿ ನರವನ್ನು ಒತ್ತುವುದನ್ನು ತೋರಿಸಿಕೊಟ್ಟ ತರುವಾಯ ಎಲ್ಲರೂ ಅತ್ತ ತಿರುಗಿದರು. ಹಳೆಯ ಕೀಲು ಪಠ್ಯಪುಸ್ತಕಗಳಲ್ಲಿ ಅಲುಗಾಡದ ಕೀಲೆಂದು ಉಳಿದುಕೊಂಡಿತು. ಅಲುಗಾಡದ ಕೀಲಿನಲ್ಲಿ ನೋವೆಲ್ಲಿಯದು? ಆದುದರಿಂದ ನನ್ನದು ಚಿತ್ರದಲ್ಲಿ ಕಾಣದ ಡಿಸ್ಕಿನ ತೊಂದರೆಯೆಂದು ಊಹಿಸಿ, ಆಸ್ಪತ್ರೆಯೊಂದರಲ್ಲಿ ಮಲಗಿಸಿ, ಕಾಲುಗಳಿಗೆ ಪಟ್ಟಿ ಕಟ್ಟಿ, ಮಂಚದಾಚೆಗೆ ತೂಕ ಇಳಿಬಿಟ್ಟು ವಾರಗಟ್ಟಲೆ ಎಳೆದರು. ಬಿಗಿ ಬೇಕಾಗಿದ್ದ ಕೀಲಿಗೆ ಎಳೆತ ದೊರೆಯಿತು. ಸ್ನಾಯುಗಳು ಇನ್ನಷ್ಟು ಸೊರಗಿದುವು. ಮನೆಗೆ ಬಂದಾಗ ಗೋಡೆ ಹಿಡಿಯದೆ ನಡೆಯಲು ಬಾರದಂತಾಗಿತ್ತು. ಆ ಆಸ್ಪತ್ರೆಯ ಹಿರಿಯ ವೈದ್ಯರೊಬ್ಬರು ನನ್ನನ್ನು ಹೊರಗೆ ಕೂರಿಸಿ ಯಜಮಾನರನ್ನು ಮಾತ್ರ ಒಳಗೆ ಕರೆದು, ಇದು ಮನಸ್ಸಿನ ಕಾಯಿಲೆ, ಕೆಲಸ ಬಿಡಿಸಿ ಎಂದು ಬುದ್ಧಿ ಹೇಳಿದರು. ನಾನು ಕೆಲಸವನ್ನು ಬಿಡಲಿಲ್ಲ. ಅಧ್ಯಾಪಕರು ನಿಂತೇ ಪಾಠ ಹೇಳಬೇಕೆಂಬ ನಿಯಮ ಆ ಕಾಲೇಜಿನಲ್ಲಿತ್ತು. ಬಹಳ ದಿನ ಮೇಜಿನ ಅಂಚಿಗೆ ಸೊಂಟವನ್ನು ಒತ್ತಿಕೊಟ್ಟು ನಿಂತೆ.

ಎಲುಬು ಕೂಡಿಸುವ ನಾಟಿವೈದ್ಯರೊಬ್ಬರ ಬಳಿಗೂ ಹೋದೆ. ವಯಸ್ಸಾದವರು, ಸೌಮ್ಯ ಸ್ವಭಾವದವರು. ನನ್ನ ಮಾತನ್ನು ಕಡೆಯವರೆಗೆ ಕೇಳಿದ ಮೊದಲಿಗರು ಅವರೇ. ಅಂಗೈಯಿಂದ ತಡವಿ, ನೋವಿನ ಜಾಗವನ್ನು ನಾನು ಹೇಳುವ ಮುನ್ನವೇ ಮುಟ್ಟಿ, "ಮೂಳೆ ಸರಿದಿದೆಯಮ್ಮ, ಕೂರಿಸೋಣ" ಎಂದು ಕಾಲನ್ನು ಹಿಡಿದು ಒಮ್ಮೆಲೇ ಸೆಳೆದರು. ಕಟಕ್ಕೆಂಬ ಶಬ್ದವಾಯಿತು. ಎರಡು ಮೂರು ದಿನ ಸ್ವರ್ಗವೇ ಕೈಗೆ ಬಂದಂತಿತ್ತು. ಆಮೇಲೆ ಮತ್ತೆ ಯಥಾಪ್ರಕಾರ. ಮತ್ತೆ ಹೋದೆ, ಮತ್ತೆ ಕೂರಿಸಿಕೊಂಡೆ. ಈ ಕ್ರಮ ಹಲವು ವರ್ಷ ನಡೆಯಿತು. ಸ್ವೀಡನ್ನಿನಲ್ಲಿ ಸ್ಟ್ಯೂರೆಸ್ಸನ್ ಮೊದಲಾದವರು ರೋಗಿಗಳ ಮೂಳೆಗಳೊಳಗೆ ಟ್ಯಾಂಟಲಮ್ ಲೋಹದ ಸಣ್ಣ ಗುಂಡುಗಳನ್ನಿಟ್ಟು ಈ ಕೀಲಿನ ಚಲನೆಯನ್ನು ಅಳೆದು 1989ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ನಾನು ಬಹಳ ತಡವಾಗಿ ತಿಳಿದೆ: ಅದು ತಿರುಗುವುದು ಸರಾಸರಿ 2.5 ಡಿಗ್ರಿ ಮಾತ್ರ, ಜಾರುವುದು ಒಂದು ಮಿಲಿಮೀಟರಿಗೂ ಕಡಿಮೆ, ಮತ್ತು ನೋವಿರುವ ಕೀಲಿಗೂ ನೋವಿಲ್ಲದ ಕೀಲಿಗೂ ಅದರಲ್ಲಿ ಭೇದವಿಲ್ಲ. ಅದೇ ದೇಶದ ಇನ್ನೊಂದು ತಂಡ 1998ರಲ್ಲಿ, ಹೀಗೆ ಸೆಳೆದು ಕೂರಿಸುವುದರಿಂದ ಮೂಳೆಯ ಸ್ಥಾನ ಬದಲಾಗುವುದಿಲ್ಲವೆಂದು ಅದೇ ವಿಧಾನದಿಂದ ತೋರಿಸಿತು. ಬಿದ್ದು, ಅಪಘಾತವಾಗಿ, ಅಥವಾ ಹೆರಿಗೆಯಲ್ಲಿ ಮುಂದಿನ ಬೆಸುಗೆಯೇ ಬಿರಿದವರ ಮಾತು ಬೇರೆ; ನನ್ನಂತಹವರಲ್ಲಿ ಸರಿದುದೂ ಇಲ್ಲ, ಕೂರಿಸಿದುದೂ ಇಲ್ಲ. ದೊರೆತ ಉಪಶಮನ ಸುಳ್ಳಲ್ಲ. ಬಿಗಿದ ಸ್ನಾಯುಗಳು ಸ್ವಲ್ಪ ಕಾಲ ಸಡಿಲಗೊಂಡಿರಬೇಕು. ಆದರೆ ನನ್ನ ಮೂಳೆ ಯಾವ ಗಳಿಗೆಯಲ್ಲಾದರೂ ಸ್ಥಾನ ಬಿಟ್ಟು ಜಾರಬಹುದೆಂಬ ಭೀತಿ ಆ ನಾಟಿವೈದ್ಯರ ಜಗುಲಿಯಲ್ಲಿ ನನ್ನೊಳಗೆ ಹೊಕ್ಕಿತು. ಆ ಭೀತಿಯಿಂದಾಗಿ ನಾನು ಬಗ್ಗುವುದನ್ನು ಬಿಟ್ಟೆ, ಬೇಗ ನಡೆಯುವುದನ್ನು ಬಿಟ್ಟೆ, ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಬಿಟ್ಟೆ, ಮಕ್ಕಳೊಡನೆ ಓಡುವುದನ್ನು ಬಿಟ್ಟೆ. ಆ ಸಜ್ಜನರನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೂ ಕೀಲು ನನ್ನಿಂದ ಕಸಿದುಕೊಂಡುದಕ್ಕಿಂತ ಆ ಭೀತಿ ಕಸಿದುಕೊಂಡುದೇ ಹೆಚ್ಚೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಆಯುರ್ವೇದದ ಕಟಿಬಸ್ತಿಯನ್ನೂ ಮಾಡಿಸಿಕೊಂಡೆ. ಉದ್ದಿನ ಹಿಟ್ಟಿನ ಕಟ್ಟೆಯೊಳಗೆ ಬೆಚ್ಚನೆಯ ತೈಲ ನಿಂತಿರುವಷ್ಟು ಹೊತ್ತು ನೋವು ಮರೆಯುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಅದರ ವಿಷಯದಲ್ಲಿ ಹೇಳಲಾರೆ.

ತಿರುವು ಬಂದುದು 2003ರ ಸುಮಾರಿಗೆ, ನಿವೃತ್ತಿಗೆ ಇನ್ನೇನು ಕೆಲವೇ ಕಾಲವಿರುವಾಗ. ಹಳೆಯ ವಿದ್ಯಾರ್ಥಿನಿಯೊಬ್ಬಳು ಬಲವಂತವಾಗಿ ತನ್ನ ಪರಿಚಯದ ಫಿಸಿಯೋಥೆರಪಿಸ್ಟ್ ಮಹಿಳೆಯೊಬ್ಬರ ಬಳಿಗೆ ಕರೆದುಕೊಂಡು ಹೋದಳು. ಆಕೆ ನಾನು ಚೀಲದಿಂದ ತೆಗೆದ ಎಕ್ಸ್‌ರೇಗಳ ಕಟ್ಟನ್ನು ಪಕ್ಕಕ್ಕಿಟ್ಟು, ನನ್ನನ್ನು ಅಂಗಾತ ಮಲಗಿಸಿ, "ಅಮ್ಮಾ, ಮೊಣಕಾಲು ಮಡಿಸದೆ ಎಡಗಾಲನ್ನು ಒಂದು ಗೇಣು ಮೇಲಕ್ಕೆ ಎತ್ತಿ" ಎಂದರು. ಎತ್ತಿದೆ. "ಈಗ ಬಲಗಾಲು." ಅದು ಏಳಲೇ ಇಲ್ಲ. ಹಾಸಿಗೆಗೆ ಮೊಳೆ ಹೊಡೆದಂತೆ ಬಿದ್ದಿತ್ತು. ಉಸಿರು ಕಟ್ಟಿ, ಕುತ್ತಿಗೆ ಬಿಗಿದು, ಹಿಮ್ಮಡಿ ಅಂಗುಲದಷ್ಟು ಮೇಲೆದ್ದು ಮತ್ತೆ ಬಿದ್ದಿತು. ಆಗ ಆಕೆ ತಮ್ಮೆರಡು ಅಂಗೈಗಳನ್ನು ನನ್ನ ಸೊಂಟದ ಎರಡು ಪಕ್ಕಗಳಿಗೆ ಕೊಟ್ಟು ಒಳಮುಖವಾಗಿ ಒತ್ತಿಹಿಡಿದು, "ಈಗ ಎತ್ತಿ ನೋಡೋಣ" ಎಂದರು. ಕಾಲು ಎದ್ದಿತು. ಯಾವ ಪ್ರಯಾಸವೂ ಇಲ್ಲದೆ ಎದ್ದು ಗಾಳಿಯಲ್ಲಿ ನಿಂತಿತು. ಕೈ ತೆಗೆದರು, ಭಾರವಾಯಿತು, ಒತ್ತಿದರು, ಹಗುರವಾಯಿತು. "ಇದು ನಿಮ್ಮ ಕಲ್ಪನೆ ಅಲ್ಲಮ್ಮ. ನಿಮ್ಮ ಕಾಲಿನಲ್ಲಿ ಶಕ್ತಿ ಇದೆ. ಅದು ಆತುಕೊಳ್ಳೋ ಜಾಗ ಭದ್ರವಾಗಿಲ್ಲ, ಅಷ್ಟೆ" ಎಂದು ಅವರು ಹೇಳಿದಾಗ ನನ್ನ ಕಣ್ಣಿನಿಂದ ನೀರು ತಾನಾಗಿಯೇ ಇಳಿದು ಕಿವಿಗಳೊಳಕ್ಕೆ ಹರಿಯಿತು. ಆ ಕ್ಷಣದಲ್ಲಿ ನನಗೆ ನೆನಪಾದುದು ಮಂಚದ ಪಟ್ಟಿಗೆ ಪಾದವೊತ್ತಿ ಸೀರೆಯ ತುದಿಯನ್ನು ಎಳೆಯುತ್ತಿದ್ದ ಹುಡುಗಿ. ಅತ್ತೆಗೆ ಬೇಕಾಗಿದ್ದುದು ಇದೇ ಒತ್ತಡ. ಆಕೆಗಿದ್ದುದೂ ಇದೇ ವ್ಯಾಧಿ ಎಂದು ಪ್ರಮಾಣ ಮಾಡಿ ಹೇಳಲಾರೆನಾದರೂ ನನಗೆ ಅದರಲ್ಲಿ ಸಂಶಯ ಉಳಿದಿಲ್ಲ.

ಈ ಪರೀಕ್ಷೆಯನ್ನು ರೂಪಿಸಿದವರು ಹಿಂದೆ ಹೇಳಿದ ರಾಟರ್‌ಡ್ಯಾಮಿನ ಸಂಶೋಧಕರ ಗುಂಪಿನ ಯಾನ್ ಮೆನ್ಸ್ ಮತ್ತು ಸಂಗಡಿಗರು, 1999ರಲ್ಲಿ ಪ್ರಕಟವಾದುದು. ಯಂತ್ರ ಬೇಡ, ಖರ್ಚಿಲ್ಲ. ಬೇಕಾದುದು ಒಂದು ಹಾಸಿಗೆ, ಎರಡು ಕೈ, ಕೆಲವು ನಿಮಿಷದ ಗಮನ. ಈ ಒಂದೇ ಪರೀಕ್ಷೆಯಿಂದ ಎಲ್ಲ ನಿರ್ಣಯವೂ ಆಗುವುದಿಲ್ಲ. ಕೀಲನ್ನು ಬೇರೆಬೇರೆ ದಿಕ್ಕುಗಳಲ್ಲಿ ಒತ್ತಿ ನೋಡುವ ಪರೀಕ್ಷೆಗಳಿವೆ, ಎಕ್ಸ್‌ರೇಯ ಮಾರ್ಗದರ್ಶನದಲ್ಲಿ ಕೀಲಿನೊಳಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು ನೋವು ಇಳಿಯುವುದೇ ಎಂದು ನೋಡುವುದೂ ಉಂಟು. ನನಗೆ ಅವೆಲ್ಲ ಕ್ರಮವಾಗಿ ಆದುವು.

ಆಮೇಲಿನದು ಪವಾಡದ ಕಥೆಯಲ್ಲ. ಹೊಟ್ಟೆಯ ಒಳಪದರದ ಸ್ನಾಯುವನ್ನು ಉಸಿರು ಬಿಡುತ್ತ ಮೆಲ್ಲನೆ ಒಳಸೆಳೆದುಕೊಳ್ಳುವುದು, ಶ್ರೋಣಿಯ ತಳವನ್ನು ಎತ್ತಿ ಹಿಡಿಯುವುದು, ಮೊಣಕಾಲುಗಳ ನಡುವೆ ಮಡಿಸಿದ ಟವೆಲ್ಲನ್ನಿಟ್ಟು ಒತ್ತುವುದು, ಅಂಗಾತ ಮಲಗಿ ಪೃಷ್ಠವನ್ನು ಮೇಲೆತ್ತಿ ನಿಲ್ಲಿಸುವುದು: ನೋಡುವವರಿಗೆ ಏನೂ ಮಾಡದಂತೆ ಕಾಣುವ ಈ ಕೆಲಸಗಳಿಂದ ಮೊದಮೊದಲು ನಾನು ಬೆವೆತುಹೋಗುತ್ತಿದ್ದೆ. ಬೆಲ್ಟನ್ನು ಹೊರಗೆ ಹೋಗುವಾಗ ಮಾತ್ರ ಕಟ್ಟಿಕೊಂಡು, ಸ್ನಾಯುಗಳು ಗಟ್ಟಿಯಾದಂತೆ ಬಿಡುತ್ತ ಬಂದೆ. ನಾರ್ವೆಯಲ್ಲಿ ಬ್ರಿಟ್ ಸ್ಟೂಗೆ ಎಂಬಾಕೆ ಹೆರಿಗೆಯಾದ 81 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಂತಹ ವ್ಯಾಯಾಮವನ್ನು ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ 20 ವಾರ ಮಾಡಿಸಿ, 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಗುಂಪಿನವರ ನೋವು ಗಣನೀಯವಾಗಿ ಇಳಿದಿತ್ತು. ಎರಡು ವರ್ಷಗಳ ಅನಂತರವೂ ಆ ಲಾಭ ಉಳಿದಿತ್ತು. ಹೆರಿಗೆಯಾದ ಹೊಸತರಲ್ಲಿಯೇ ಅದು ದೊರೆತವರ ಭಾಗ್ಯವೇ ಬೇರೆ. ನನಗೆ ಐವತ್ತರ ಮಧ್ಯದಲ್ಲಿ ದೊರೆತುದು ಅರ್ಧ ಗುಣವನ್ನು ಕೊಟ್ಟಿತು. ಅರ್ಧ ಗುಣವೆಂದರೆ, ರಾತ್ರಿ ಯಾರನ್ನೂ ಎಬ್ಬಿಸದೆ ಮಗ್ಗುಲು ಬದಲಿಸುವುದು, ನಿಂತು ಪಾಠ ಹೇಳುವುದು, ಮೊಮ್ಮಗಳನ್ನು ಎತ್ತಿಕೊಳ್ಳುವುದು. ಅಷ್ಟಕ್ಕಾಗಿ ನಾನು ಕೃತಜ್ಞಳು.

ಕೀಲನ್ನು ಶಸ್ತ್ರಕ್ರಿಯೆಯಿಂದ ಬೆಸೆದುಬಿಡುವ ಸಲಹೆಯೂ ಒಮ್ಮೆ ಬಂದಿತು. ಅದೂ ಹಳೆಯ ವಿದ್ಯೆಯೇ. 1920ರ ದಶಕದಲ್ಲಿ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಅದನ್ನು ಮಾಡಿದ್ದರು. ಈಗ ಸಣ್ಣ ಗಾಯದೊಳಗಿಂದ ಟೈಟೇನಿಯಮ್ಮಿನ ತ್ರಿಕೋನ ಸರಳುಗಳನ್ನು ಕೂರಿಸುತ್ತಾರೆ; ಮಿಕ್ಕ ಚಿಕಿತ್ಸೆಗಳೆಲ್ಲ ತಿಂಗಳುಗಟ್ಟಲೆ ನಡೆದೂ ಫಲಿಸದೆ, ನೋವು ಆ ಕೀಲಿನದೇ ಎಂದು ಇಂಜೆಕ್ಷನ್ನಿನಿಂದ ಖಚಿತವಾದವರಲ್ಲಿ ಅದರಿಂದ ಒಳಿತಾದುದುಂಟು. ನನಗೆ ಅಗತ್ಯ ಬೀಳಲಿಲ್ಲ.

ಸೋದರತ್ತೆ ತೀರಿಕೊಂಡುದು ನನ್ನ ಮದುವೆಯಾದ ವರ್ಷ. ಆಕೆಯನ್ನು ನೋಡಿದ ವೈದ್ಯರೇ ಇಲ್ಲ. ಸೋಮಾರಿ ಎಂಬ ಹೆಸರನ್ನು ಹೊತ್ತು ಬಾಳಿದ ಆಕೆ, ನಾನು ಅಷ್ಟು ವೈದ್ಯರನ್ನೂ ಅಷ್ಟು ಪುಸ್ತಕಗಳನ್ನೂ ದಾಟಿ ತಲುಪಿದ ಸ್ಥಳಕ್ಕೆ ಒಂದು ಹಳೆಯ ಸೀರೆಯ ಪಟ್ಟಿಯಿಂದ ತಲುಪಿದ್ದಳು. ನಮ್ಮ ಮನೆಯವರು ಕೆಟ್ಟವರಾಗಿರಲಿಲ್ಲ. ಆಕೆಗೆ ಅನ್ನವಿಕ್ಕಿದರು, ಬಟ್ಟೆ ಕೊಟ್ಟರು, ಕಡೆಯವರೆಗೆ ಸಾಕಿದರು. ಆದರೆ ಆಕೆಯ ಮಾತನ್ನು ನಂಬಲಿಲ್ಲ. ಅದು ಅನ್ಯಾಯವೇ, ಕಾಲಧರ್ಮವೆಂಬ ನೆಪವನ್ನು ಅದಕ್ಕೆ ಹೇಳಲು ನನಗೆ ಮನಸ್ಸು ಬಾರದು.

ಗರ್ಭಿಣಿಯರಲ್ಲಿ ಐವರಿಗೆ ಒಬ್ಬರಷ್ಟು ಜನರಿಗೆ ಶ್ರೋಣಿಯ ಕೀಲುಗಳ ಈ ನೋವು ಬರುತ್ತದೆಂದು 2008ರ ಯೂರೋಪಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಬಹುಪಾಲು ಮಂದಿಗೆ ಹೆರಿಗೆಯಾದ ಕೆಲವು ತಿಂಗಳಲ್ಲಿ ಅದು ಹೊರಟುಹೋಗುವುದು, ಕೆಲವರಲ್ಲಿ ಉಳಿದುಕೊಳ್ಳುವುದು. ನಿಮ್ಮ ಮನೆಯ ಮಗಳೋ ಸೊಸೆಯೋ, ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆಯೂ ಮಗ್ಗುಲು ಹೊರಳಲು ನೋವು, ಮೆಟ್ಟಿಲು ಹತ್ತಲು ನೋವು ಎಂದು ಹೇಳಿದರೆ, ದಯವಿಟ್ಟು ಹಿಂದಿನವರು ಹೇಗಿದ್ದರೆಂಬ ಮಾತನ್ನು ತೆಗೆಯಬೇಡಿ. ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಬೆನ್ನಿನ ಚಿತ್ರವೊಂದನ್ನೇ ತೆಗೆಸಿಕೊಂಡು ಹಿಂದಿರುಗಬೇಡಿ. ಅವಳನ್ನು ಮಲಗಿಸಿ, ಕಾಲೆತ್ತಿಸಿ, ಶ್ರೋಣಿಯ ಕೀಲುಗಳನ್ನು ಪರೀಕ್ಷಿಸಬೇಕೆಂದು ಬಾಯಿ ಬಿಟ್ಟು ಕೇಳಿ.